ಹುಲ್ಲು ಕೊಯ್ಯುವ ಹಕ್ಕು

ಬೇಗೂರಿನ ಹೊಲವನ್ನು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರ ಗೆಸ್ಟ್‌ಹೌಸಿಗೆ ಲೀಸಿಗೆ ಕೊಡುವಾಗ ಅಶ್ವತ್ಥಮ್ಮ ಹಾಕಿದ್ದು ಒಂದೇ ಷರತ್ತು: ಅಲ್ಲಿ ರಾಗಿಯೇ ಬೆಳೆಯಲಿ, ಹುಲ್ಲೇ ಬೆಳೆಯಲಿ, ಕೊಯ್ಯುವವಳು ತಾನೇ. ದಾವಣಗೆರೆ ಕಡೆಯ ಮ್ಯಾನೇಜರ್ ಮಲ್ಲಿಕ್ ನಕ್ಕು ಒಪ್ಪಿದ್ದ. ತೊಂಬತ್ತಾರರ ಶ್ರಾವಣದಲ್ಲಿ ಹುಲ್ಲು ಕತ್ತರಿಸುವ ಹಳೇ ತಳ್ಳುಮಿಷನ್ನೊಂದನ್ನೂ ತರಿಸಿಕೊಟ್ಟ. ಎರಡು ಚಕ್ರಗಳ ನಡುವೆ ಉರುಳುವ ಬಾಗಿದ ಅಲಗುಗಳು, ಅವುಗಳ ಕೆಳಗೆ ಅಲುಗಾಡದ ಒಂದು ಕಬ್ಬಿಣದ ಪಟ್ಟಿ. ಎಲ್ಲವೂ ಮೊಂಡು.

ಕುಡುಗೋಲು ಮಸೆಯುವುದರಲ್ಲಿ ಅಶ್ವತ್ಥಮ್ಮನನ್ನು ಮೀರಿಸುವವರು ಸುತ್ತೇಳು ಹಳ್ಳಿಯಲ್ಲಿ ಇರಲಿಲ್ಲ. ಇದು ಅವಳೇ ಹೇಳಿಕೊಂಡ ಮಾತು, ಆದರೂ ಸುಳ್ಳಲ್ಲ. ಅರ ಹಿಡಿದು ಕೂತವಳು ಒಂದೊಂದು ಅಲಗನ್ನೂ ಕುಡುಗೋಲಿನಂತೆ ತೆಳ್ಳಗೆ ಮಸೆದಳು. ಆಮೇಲೆ ತಳ್ಳಿದರೆ ಹುಲ್ಲು ಬಾಗಿ ನಮಸ್ಕಾರ ಮಾಡಿ ಮತ್ತೆ ಎದ್ದು ನಿಂತಿತು.

ಮಲ್ಲಿಕ್ ತಲೆ ಕೆರೆದುಕೊಂಡ. "ಅಮ್ಮಾ, ಭಾನುವಾರ ದೊಡ್ಡ ಸಾಹೇಬ್ರು ಬರ್ತಾರ್ರೀ. ಅಷ್ಟ್ರೊಳಗೆ ಆಗ್ಲಿಲ್ಲ ಅಂದ್ರೆ ಕಂಟ್ರಾಕ್ಟರ್‌ಗೆ ಕೊಡ್ಬೇಕಾಗುತ್ತೆ."

ಅಶ್ವತ್ಥಮ್ಮ ಮಿಷನ್ನನ್ನು ಮನೆಗೆ ತಳ್ಳಿಕೊಂಡು ಹೊರಟಳು. ಹುಲ್ಲು ಕೈತಪ್ಪಿದರೆ ತನ್ನ ಹೊಲಕ್ಕೆ ಕಾಲಿಡಲು ತಾನೇ ಇನ್ನೊಬ್ಬರ ಅಪ್ಪಣೆ ಕೇಳಬೇಕು. ಅದಕ್ಕಿಂತ ಸಂಕಟ ಇನ್ನೇನಿದೆ?

"ಮಿಸನ್ನು ಸರಿಯಿಲ್ಲ ಅಂತ ಮಾತ್ರ ಏಳ್ಬ್ಯಾಡ," ಮನೆಯಲ್ಲಿ ಗಂಡ ವೆಂಕಟೇಶಪ್ಪ ಕೆಣಕಿದ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ."

"ಸುಮ್ಕೆ ಎಲೆ ಅಡಿಕೆ ಆಕ್ಕೊಳಿ!"

ಅಂದವಳ ಕಣ್ಣು ಅವನ ಕೈಯ ಅಡಕತ್ತರಿಯ ಮೇಲೆ ನಿಂತಿತು. ಮೇಲಿನ ಅಲಗು ಎಷ್ಟು ಹರಿತವಾದರೇನು, ಕೆಳಗಿನದು ಒತ್ತುಕೊಟ್ಟು ನಿಲ್ಲದಿದ್ದರೆ ಅಡಿಕೆ ತುಂಡಾದೀತೇ? ಕುಡುಗೋಲು ಒಂಟಿಯಾಗಿ ಕೊಯ್ಯುತ್ತದೆ. ಇದು ಜೋಡಿಯ ಕೆಲಸ.

ಮಿಷನ್ನಿನ ಚಕ್ರ ಬಿಚ್ಚಿದಳು. ಪಟ್ಟಿಯನ್ನು ಅಲಗಿಗೆ ತಾಗುವಂತೆ ಎತ್ತಿ ತಿರುಪು ಬಿಗಿದಳು. ಬೆಣಚುಕಲ್ಲಿನ ನುಣ್ಣನೆ ಪುಡಿಯನ್ನು ಹರಳೆಣ್ಣೆಯಲ್ಲಿ ಕಲಸಿ ಬಳಿದು, ಅಲಗುಗಳನ್ನು ಹಿಂದುಹಿಂದಕ್ಕೆ ತಿರುಗಿಸುತ್ತಲೇ ಹೋದಳು. ಅರದಿಂದ ಏರುಪೇರಾಗಿದ್ದವು ಪಟ್ಟಿಗೆ ಉಜ್ಜಿ ಉಜ್ಜಿ ಒಂದು ಸಮನಾದವು. ಮೊದಲು ಕಟಕಟ ಅನ್ನುತ್ತಿದ್ದದ್ದು ಕಡೆಗೆ ಸರ್ ಎಂದಿತು. ಚಕ್ರ ಮತ್ತೆ ಜೋಡಿಸಿ, ಗಂಡನ ತಟ್ಟೆಯಿಂದ ವೀಳ್ಯದೆಲೆ ಎತ್ತಿ ಅಲಗಿನ ನಡುವೆ ಇಟ್ಟು ಉರುಳಿಸಿದಳು. ಎಲೆ ಎರಡಾಯಿತು. ವೆಂಕಟೇಶಪ್ಪ ಸುಣ್ಣ ಹಚ್ಚುವುದನ್ನೇ ಮರೆತ.

ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ಹೊಸ ಕಾವಲುಗಾರ ಅಡ್ಡ ಬಂದ. "ಪಾಸ್ ಇದ್ಯಾ, ಅಕ್ಕ?"

ಅಶ್ವತ್ಥಮ್ಮ ಸೆರಗಿನ ಗಂಟಿನಿಂದ ಇನ್ನೊಂದು ಎಲೆ ತೆಗೆದು ಅಲಗಿನ ನಡುವೆ ಇಟ್ಟು ಚಕ್ರ ಉರುಳಿಸಿದಳು. ಎರಡು ಹೋಳನ್ನೂ ಅವನ ಅಂಗೈಯಲ್ಲಿಟ್ಟಳು.

"ಇದೇ ಕಣಪ್ಪ ನನ್ ಪಾಸು. ತೆಗಿ ಗೇಟು."

ಅವನು ತೆಗೆದ. ಆ ಸಂಜೆ ಅವಳ ಎಮ್ಮೆ ತನ್ನ ಮನೆಯ ಹೊಲದ ಮೇವನ್ನೇ ತಿಂದಿತು.