ಬಂತು, ಬಂತು

ಕನ್ನಡಕದ ಮೇಲೆ ಮತ್ತೆ ಮಂಜು, ಈಗಷ್ಟೇ ಒರೆಸಿದ್ದಲ್ಲವೇ, ಅಂಗಿಯ ಅಂಚೂ ಒದ್ದೆ, ಒದ್ದೆಯಿಂದ ಒದ್ದೆ ಒರೆಸಿ ಬಂದ ಭಾಗ್ಯವೇನು — ಇದು ಚೆನ್ನಾಗಿ ಕಾಣುತ್ತಾ, ಅದಾ? ಅಂತ ಕನ್ನಡಕದ ಅಂಗಡಿಗೆ ಬಂದವರನ್ನು ದಿನವಿಡೀ ಕೇಳುವುದೇ ಅವಳ ಕಸುಬು, ಒಂದು ಗಾಜು ತೆಗೆದು ಇನ್ನೊಂದು ತೂರಿಸಿ, ಇದಾ, ಅದಾ, ನಿಧಾನಕ್ಕೆ ಹೇಳಿ, ಅವಸರ ಇಲ್ಲ — ಈಗ ಅವಳನ್ನೇ ಯಾರಾದರೂ ಕೇಳಲಿ ನೋಡೋಣ, ಕನ್ನಡಕ ಹಾಕಿದರೂ ಬಿಳಿ, ತೆಗೆದರೂ ಬಿಳಿ, ಆ ಬಿಳಿಯೊಳಗೆ ಎಲ್ಲೋ ಅಪ್ಪ. ಬೂಟಿನ ಸದ್ದು ಮಾತ್ರ, ಚರ್ ಚರ್, ನಿಂತಿತು, ಮತ್ತೆ ಚರ್, ಬೇಗ ಇಳಿದುಬಿಡಲಿ, ಬೇಗ ಬೇಡ, ನಿಧಾನಕ್ಕೇ ಇಳಿಯಲಿ, ಇಳಿದರೆ ಸಾಕು. ಬೆಟ್ಟದ ಪಕ್ಕೆ ಒಡೆದು ಕಲ್ಲೆಲ್ಲ ಸುರಿದು ನಿಂತ ಇಳಿಜಾರು ಇದು, ಮುಷ್ಟಿ ಗಾತ್ರದವು, ತಲೆ ಗಾತ್ರದವು, ಯಾವುದೂ ಯಾವುದನ್ನೂ ಹಿಡಿದುಕೊಂಡಿಲ್ಲ, ಒಂದರ ಮೇಲೊಂದು ಸುಮ್ಮನೆ ಕೂತಿವೆ, ಕಾಲಿಟ್ಟರೆ ಎದ್ದು ಹೊರಡುತ್ತವೆ. ಅದರ ಮೇಲೆ ಆ ಕಡೆ ಹೋಗಿ, ತಿರುವು ತೆಗೆದುಕೊಂಡು, ಮತ್ತೆ ಅಡಿಯಿಂದ ಈ ಕಡೆಗೆ ಬರುವ ಕಾಲುಹಾದಿ, ಬುಡದಲ್ಲಿ ಸುಣ್ಣ ಬಳಿದ ಬಂಡೆ, ಬಂಡೆಯ ಮಗ್ಗುಲಿಗೇ ಕಮರಿ. ಮುಂದೆ ಹೋದವರು ಆ ಬಂಡೆ ಮುಟ್ಟುವ ತನಕ ಹಿಂದಿನವರು ಕಾಲಿಡಬಾರದು, ಮೇಲಿನವರು ನಡೆಯುವುದು ಕೆಳಗಿನವರ ನೆತ್ತಿಯ ಮೇಲೇ — ಇದೊಂದೇ ನಿಯಮ ಇಲ್ಲಿ, ಬೆಟ್ಟ ಹತ್ತುವವರೆಲ್ಲ ಬಲ್ಲರು, ಬಲ್ಲವರು ಯಾರೂ ಎರಡನೇ ಸಲ ಬರುವುದಿಲ್ಲ, ಅದಕ್ಕೇ ಇದಕ್ಕೆ ಸಾಕಪ್ಪಾ ದಾರಿ ಅಂತಲೇ ಹೆಸರು, ಇಳಿದವರ ಬಾಯಿಂದ ಬರುವ ಮೊದಲ ಮಾತು ಅದು, ಸಾಕಪ್ಪಾ ಸಾಕು, ಕೆಲವರಿಗೆ ಅಷ್ಟೂ ಬರುವುದಿಲ್ಲ, ಸುಮ್ಮನೆ ನೀರಿಗೆ ಕೈ ಚಾಚುತ್ತಾರೆ.

ಹೋದ ವರ್ಷ ಅವಳಿಗೂ ಆ ಮಾತು ಬಂದಿರಲಿಲ್ಲ. ಅಂಗಡಿಯವರೆಲ್ಲ ಸೇರಿ ಬಂದಿದ್ದರು, ಮಾಲೀಕರೇ ಹೊರಡಿಸಿದ್ದು, ಒಳ್ಳೆ ಗಾಳಿ ಕುಡಿದು ಬರೋಣ ಬನ್ರೋ ಅಂತ, ಅವರೇ ಅರ್ಧ ದಾರಿಯಲ್ಲಿ ಕೈಕಾಲೂರಿ ನಿಂತು ಅಮ್ಮಾ ಅಮ್ಮಾ ಅಂದರು, ಆಮೇಲೆ ಅಂಗಡಿಯಲ್ಲಿ ಆ ಮಾತು ಎತ್ತಿದವರಿಲ್ಲ, ಸಂಬಳ ಕೊಡುವ ಕೈ ನೋಡಿ — ಮತ್ತೆ ಆ ಬಾಟಲಿ. ಬೇಡ, ಅದನ್ನು ಈಗ ನೆನೆಯಬಾರದು. ಬಿಲ್ಲು ಹಾಕುವವಳ ಚೀಲದಿಂದ ಕಳಚಿಕೊಂಡ ನೀರಿನ ಬಾಟಲಿ, ಉರುಳಲಿಲ್ಲ ಅದು, ಪುಟಿಯಲಿಲ್ಲ, ಜಾರುವ ಕಲ್ಲಿನ ಜೊತೆ ನೆಟ್ಟಗೆ ನಿಂತುಕೊಂಡೇ ಇಳಿಯಿತು, ಗಡಿಬಿಡಿಯಿಲ್ಲದೆ, ಕೆಳಗೆ ಯಾರೋ ಕರೆದಿದ್ದಾರೆ ಅನ್ನುವ ಹಾಗೆ, ಇಳಿದು ಮಂಜಿನೊಳಕ್ಕೆ ಹೋಯಿತು, ಬಿದ್ದ ಸದ್ದಿಗೆ ಎಲ್ಲರೂ ಕಿವಿಗೊಟ್ಟು ನಿಂತರು, ಸದ್ದು ಬರಲೇ ಇಲ್ಲ. ಸತ್ತರೂ ಈ ದಾರಿ ತುಳಿಯಲ್ಲ ಅಂದುಕೊಂಡಿದ್ದಳು, ಅಂದುಕೊಂಡು ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ, ಮನೆಗೆ ಬಂದು ಊಟಕ್ಕೆ ಕೂತಾಗ ಹೇಳಿದಳು, ಅಪ್ಪನ ಕಣ್ಣು ಹೊಳೆಯಿತು, ಈ ಬೆಟ್ಟದ ಬುಡದ ರಸ್ತೆಯಲ್ಲೇ ಬಸ್ಸು ಓಡಿಸಿ ಕೂದಲು ನೆರೆಸಿಕೊಂಡವನು, ಸ್ಟೇರಿಂಗ್ ಹಿಂದೆ ಕೂತು ದಿನಾ ಮೇಲೆ ನೋಡಿದವನು, ಆ ಬೂದು ಪಟ್ಟೆ ಇದ್ಯಲ್ಲ, ಅದ್ರ ಮೇಲೆ ಜನ ಇರುವೆ ಥರ ಹೋಗ್ತಿರ್ತಾರೆ, ಒಂದ್ಸಲ ನಾನೂ ಹೋಗ್ಬೇಕು ಕಣೇ, ಊರೋರನ್ನೆಲ್ಲ ಕೂರಿಸ್ಕೊಂಡು ಓಡಾಡಿಸಿದ್ದಾಯ್ತು, ನಾನು ಕಾಲಲ್ಲಿ ನಡೆದಿದ್ದು ಎಲ್ಲಿ. ದೂರದ ಬೆಟ್ಟ ನುಣ್ಣಗೆ ಅಪ್ಪಾ. ನುಣ್ಣಗಿದ್ರೆ ಜಾರುತ್ತೆ, ಒರಟಾಗಿದ್ರೇ ಒಳ್ಳೇದು. ಇಂಥವನ ಹತ್ತಿರ ಮಾತಾಡಿ ಗೆದ್ದವರುಂಟೇ. ಬರಲ್ವಾ, ಬಿಡು, ಒಬ್ನೇ ಹೋಗ್ತೀನಿ. ಅಮ್ಮ ತಟ್ಟೆ ಎತ್ತುತ್ತಾ, ಒಬ್ಬರನ್ನೇ ಬಿಡ್ಬೇಡ ಕಣೇ, ಹೆಂಗೆ ಕರ್ಕೊಂಡು ಹೋಗ್ತೀಯೋ ಹಂಗೇ ತಂದು ಒಪ್ಸು. ಒಪ್ಪಿಸು ಅಂದಳು, ಪಕ್ಕದ ಮನೆಯಿಂದ ತಂದ ಪಾತ್ರೆಯೇನೋ ಎಂಬಂತೆ. ಇವತ್ತು ಬೆಳಿಗ್ಗೆ ಮಂಜು ಕಂಡಾಗಲೂ ಮಗಳು ಹೇಳಿದಳು, ಬಂದ ದಾರಿಗೆ ಸುಂಕ ಇಲ್ಲ ಅಪ್ಪಾ, ವಾಪಸ್ ಹೋಗೋಣ. ಮಂಜಲ್ಲಿ ನಾನೆಷ್ಟು ಬಸ್ ಓಡಿಸಿಲ್ಲ, ಅಂದವನೇ ಆ ನೆಗ್ಗಿದ ಸ್ಟೀಲ್ ಬಾಟಲಿ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಮುಂದೆ ನಡೆದ, ಬಸ್ಸಿನ ಗೇರಿನ ಪಕ್ಕ ಸದಾ ಇರುತ್ತಿದ್ದ ಬಾಟಲಿ, ಅದಿಲ್ಲದೆ ಬಚ್ಚಲಿಗೂ ಹೋಗುವವನಲ್ಲ.

ಚರ್ ಚರ್ ನಿಂತು ಎಷ್ಟು ಹೊತ್ತಾಯಿತು? ನಿಂತಿದ್ದಾನಾ, ಕೂತನಾ, ಮಂಡಿ ಹಿಡಿದುಕೊಂಡಿತಾ — ಅಪ್ಪಾ, ಬಂತಾ? ಮಂಜು ಮಾತನ್ನು ಅರ್ಧ ನುಂಗಿತು, ಗಂಟಲು ಹರಿಯುವಂತೆ ಕೂಗಿದಳು, ಅಪ್ಪಾ, ಬಂತಾ ಬಂಡೆ? ಬಂತು, ಬಂತು! ಅಬ್ಬ. ಹೋದ ಜೀವ ಬಂದ ಹಾಗಾಯಿತು, ಮುದುಕ ಗಟ್ಟಿಗ, ಸುಮ್ಮನೆ ಹೆದರಿದೆ, ಇನ್ನು ನಾನು ಇಳಿದರೆ ಮುಗಿಯಿತು, ಅಮ್ಮನ ಪಾತ್ರೆ ಅಮ್ಮನಿಗೆ. ಬಲಗಾಲು ಇಟ್ಟಳು, ಕಲ್ಲು ಗೊಣಗಿತು, ಎಡಗಾಲು, ಗೊಣಗುತ್ತಾ ಒಂದಷ್ಟು ಜಾರಿ ನಿಂತವು, ಕೆಳಗೆ ನೋಡಬಾರದು, ನೋಡಿದರೆ ತಾನೇ ಏನು ಕಂಡೀತು, ಇನ್ನೂ ಒಂದು ಹೆಜ್ಜೆ, ಇನ್ನೂ ಒಂದು, ಕೆಮ್ಮು. ಅಪ್ಪನ ಕೆಮ್ಮು. ದೂರದ ಬುಡದಿಂದಲ್ಲ, ಇಲ್ಲೇ, ಅವಳ ಕಾಲಿನ ನೇರ ಅಡಿಯಿಂದ. ಅಪ್ಪಾ, ಎಲ್ಲಿದ್ದೀಯಾ? ಇಲ್ಲೇ, ತಿರುವು ದಾಟಿ ನಿಂತಿದೀನಿ, ಉಸಿರು ತಗೊಳ್ತಾ. ಬಂತು ಅಂದ್ಯಲ್ಲ! ಬಂತು ಅಂದ್ರೆ, ಇನ್ನೇನು ಬರುತ್ತೆ ಅಂತ ಕಣೇ — ಏಯ್, ಕಾಲಿಟ್ಬಿಟ್ಯಾ?

ಬಂತು ಅಂದರೆ ಇನ್ನೇನು ಬರುತ್ತೆ ಅಂತ. ಅಯ್ಯೋ, ಇದು ಗೊತ್ತಿರಲಿಲ್ಲವೇ, ಊರಿಗೆಲ್ಲ ಗೊತ್ತಿದ್ದದ್ದು ಮಗಳಿಗೇ ಮರೆತುಹೋಯಿತೇ, ಚಿಕ್ಕವಳಿದ್ದಾಗ ಸ್ಕೂಲಿಗೆ ರಜೆ ಬಂದರೆ ಅಪ್ಪನ ಪಕ್ಕದ ಬಿಸಿ ಎಂಜಿನ್ ಮೇಲೆ ದಪ್ಪ ಬಟ್ಟೆ ಹಾಸಿಕೊಂಡು ಕೂತು ಅದೆಷ್ಟು ಸಲ ಕೇಳಿದ್ದಾಳೆ, ಹಿಂದಿನಿಂದ ಯಾರೋ ಕೂಗುತ್ತಾರೆ, ಡ್ರೈವರ್ರೇ ನಮ್ ಸ್ಟಾಪ್ ಬಂತಾ, ಅಪ್ಪ ತಿರುಗದೆಯೇ, ಬಂತು, ಬಂತು, ಸ್ಟಾಪು ಇನ್ನೂ ಸೇತುವೆಯಾಚೆ, ತಿರುವಿನಾಚೆ, ಪಾಪ ಅವರು ಗಂಟುಮೂಟೆ ಹೊತ್ತು ಎದ್ದು ನಿಂತು ಓಲಾಡುತ್ತಾರೆ. ಯಾಕಪ್ಪಾ ಸುಳ್ಳು ಹೇಳ್ತೀಯ? ಸುಳ್ಳಲ್ಲ ಪುಟ್ಟಾ, ಹಂಗಂದ್ರೆ ಅವರಿಗೆ ಧೈರ್ಯ. ಯಾವಾಗಲೂ ಎರಡು ಸಲ, ಮೊದಲನೆಯದು ಜೋರು, ಎರಡನೆಯದು ಸಮಾಧಾನಕ್ಕೆ, ಒಂದೇ ಸಲ ಅಂದದ್ದನ್ನು ಹುಟ್ಟಿದಾಗಿನಿಂದ ಕೇಳಿಲ್ಲ, ನಿಮ್ಮಪ್ಪನ ಬಂತು ಬಂತು ನಂಬಿ ಎದ್ದು ನಿಂತ್ರೆ ಕಾಲು ಬಿದ್ದೋಗುತ್ತೆ ಅಷ್ಟೇ, ಅಂತ ಅಮ್ಮ ನಗುತ್ತಿದ್ದಳು, ಮೂವರೂ ನಗುತ್ತಿದ್ದರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಈ ಮನುಷ್ಯ ಇಲ್ಲೂ, ಈ ಕಲ್ಲಿನ ಮೇಲೂ, ಅವಳು ಹೆದರಿಕೊಂಡಾಳು ಅಂತ ಧೈರ್ಯ ಹೇಳಿದನೇ?

ಅಲುಗಾಡ್ಬೇಡ, ಅನ್ನುತ್ತಿದ್ದಾನೆ ಅಪ್ಪ, ಇದ್ದಲ್ಲೇ ಇರು, ವಾಪಸ್ಸೂ ಹೋಗ್ಬೇಡ, ನಾನು ಇಳಿದು ಕೂಗ್ತೀನಿ. ಸರಿ ಅಪ್ಪಾ. ಹೆದ್ರಿದ್ಯಾ? ಇಲ್ಲ ಅಪ್ಪಾ. ನಾನೂ ಇಲ್ಲ. ಚರ್ ಚರ್. ಇಲ್ಲ ಅಂದಳು, ಎಡಗಾಲು ಹೊಲಿಗೆ ಮೆಷಿನ್ನಿನಂತೆ ಕುಣಿಯುತ್ತಿದೆ, ನಿಲ್ಲು ಅಂದರೆ ಇನ್ನೂ ಜೋರು, ಹಿಮ್ಮಡಿಯ ಅಡಿಯಿಂದ ಸಣ್ಣ ಕಲ್ಲುಗಳು ಟಕ ಟಕ ಹೊರಡುತ್ತಿವೆ, ಅವಳು ಹೊರಡಿಸುತ್ತಿಲ್ಲ, ಅವೇ ಹೊರಡುತ್ತಿವೆ, ದೊಡ್ಡದೊಂದು ಮಾತ್ರ ಇನ್ನೂ ಕೂತಿದೆ, ತಲೆ ಗಾತ್ರದ್ದು, ಅವಳ ಭಾರವೆಲ್ಲ ಅದರ ಮೇಲೇ, ಕಾಲೆತ್ತಿದರೆ ಅದು ಹೋಗುತ್ತದೆ, ಎತ್ತದಿದ್ದರೂ ಹೋಗುತ್ತದೋ ಏನೋ, ಬಗ್ಗಿ ಕೈಯಿಂದ ಹಿಡಿಯಲೇ, ಬಗ್ಗಿದರೆ ತಾನೇ ಹೋದರೆ, ತಾನು ಹೋದರೂ ಅಪ್ಪನ ಮೇಲೇ ಹೋಗುವುದಲ್ಲವೇ — ಅಮ್ಮ ಈಗ ಬಟ್ಟೆ ಒಣಹಾಕುತ್ತಿರಬೇಕು, ಅಪ್ಪನ ಖಾಕಿ ಅಂಗಿ, ಕೆಲಸ ಬಿಟ್ಟರೂ ಬಿಡದ ಅಂಗಿ — ನಿಲ್ಲು ಕಾಲೇ, ನಿನ್ನ ದಮ್ಮಯ್ಯ, ನಿಲ್ಲು. ಚರ್ ಚರ್. ಹತ್ತಿರವಿರಬೇಕು ಬಂಡೆ. ಬಾಟಲಿ ಬೇಡ, ಬಾಟಲಿಯ ಯೋಚನೆ ಬೇಡ, ಚರ್, ಇನ್ನು ಎರಡು ಹೆಜ್ಜೆ ಇದ್ದೀತು, ಒಂದಿದ್ದೀತು, ಮತ್ತು ಹಿಮ್ಮಡಿಯ ಕೆಳಗೆ ತಟ್ಟನೆ ಏನೂ ಇಲ್ಲ, ಕಾಲು ಗಾಳಿಗೆ ಇಳಿಯಿತು, ಕೂತುಬಿಟ್ಟಳು, ಎರಡೂ ಕೈ ಕಲ್ಲಿನೊಳಕ್ಕೆ ಹುಗಿದುಕೊಂಡು, ಆ ದೊಡ್ಡದು ಹೊರಟಿತ್ತು, ಢಬ್ ಢಬ್ ಅಂತ ಬಿಳಿಯೊಳಕ್ಕೆ. ಅಪ್ಪಾ, ಕಲ್ಲು! ಅಪ್ಪಾ! ಬಂತಾ? ಬಂಡೆ ಬಂತಾ ಅಪ್ಪಾ?

ಬಂತು.

ಒಂದೇ ಸಲ. ಸ್ಪಷ್ಟವಾಗಿ, ಜೋರಾಗಿ ಬಂತು ಅಂದ, ಕಿವಿಯಾರೆ ಕೇಳಿದಳು, ಏನು ಬಂತು, ಬಂಡೆಯಾ, ಕಲ್ಲಾ, ಇದಾ, ಅದಾ, ನಿಧಾನಕ್ಕೆ ಹೇಳಪ್ಪಾ, ಅವಸರ ಇಲ್ಲ, ಇನ್ನೊಂದು ಬಾಕಿಯಿದೆ, ಸಮಾಧಾನದ್ದು, ಈಗ ಅನ್ನುತ್ತಾನೆ, ಉಸಿರು ತೆಗೆದುಕೊಳ್ಳುತ್ತಿರಬೇಕು, ಈಗ — ಗಾಳಿ ಬೀಸಿತು, ಮಂಜು ಒಂದು ಕಡೆ ಹರಿಯಿತು, ಸುಣ್ಣದ ಬಂಡೆ ಕಂಡಿತು, ಇಷ್ಟು ಹತ್ತಿರವೇ, ಒದ್ದೆಯಾಗಿ ಹೊಳೆಯುತ್ತಿದೆ, ಅದರ ಪಕ್ಕ ಯಾರೂ ಇಲ್ಲ, ಅದರಾಚೆ, ಕಮರಿಯ ಕಡೆಗೆ ಇನ್ನೂ ಸುರಿಯುತ್ತಿರುವ ಕಲ್ಲಿನ ಜೊತೆ, ಉರುಳದೆ, ಪುಟಿಯದೆ, ಗಡಿಬಿಡಿಯಿಲ್ಲದೆ, ನೆಟ್ಟಗೆ ನಿಂತುಕೊಂಡೇ ಇಳಿಯುತ್ತಿದೆ, ನೆಗ್ಗಿದ ಸ್ಟೀಲ್ ಬಾಟಲಿ.