ಮೆಟ್ಟಿಲಿಗೆ ಹಾಕಿದ ಬಲ್ಬು

ಆ ಮನೆಯ ಮೆಟ್ಟಿಲಿಗೆ ಕಿಟಕಿ ಇರಲಿಲ್ಲ. ಕೆಳಗೆ ಬೀದಿಗೆ ಬಾಗಿಲು ತೆರೆಯುವ ಒಂದು ಉದ್ದನೆಯ ಕೋಣೆ, ಅಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ಮೇಲೆ ಎರಡು ಕೋಣೆ, ಅಲ್ಲಿ ವಾಸ. ನಡುವೆ ಎರಡು ಗೋಡೆಗಳ ಮಧ್ಯೆ ಸಿಕ್ಕಿಕೊಂಡ ಹದಿಮೂರು ಮೆಟ್ಟಿಲು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ಅಲ್ಲಿ ಕತ್ತಲೆ. ಇಂಥ ಮೆಟ್ಟಿಲು ನಿಮ್ಮ ಬೀದಿಯಲ್ಲೂ ಒಂದೆರಡು ಮನೆಯಲ್ಲಿ ಇರಬಹುದು.

ಮನೆಯಲ್ಲಿ ಮೂವರಿದ್ದರು: ರಟ್ಟು ಕಟ್ಟುವ ಬೈಂಡರ್, ಅವನ ಹೆಂಡತಿ, ಅವನ ಅಕ್ಕ. ತಾಯಿ ತೀರಿಕೊಂಡಾಗ ಬೈಂಡರಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳು. ಕಸುಬು ಕಲಿಸಿದವಳೂ ಅವಳೇ. ಅಚ್ಚಾಗಿ ಬಂದ ಹಾಳೆಗಳನ್ನು ಮಡಿಸಿ, ಮೇಲಿನ ಕೋಣೆಯ ಕಿಟಕಿಯ ಬಳಿ ಕೂತು ಸೂಜಿ ದಾರದಿಂದ ಹೊಲಿಯುವುದು ಅವಳ ಕೆಲಸ. ಹೊಲಿದ ಕಟ್ಟುಗಳನ್ನು ಎದೆಗೆ ಅವಚಿಕೊಂಡು ಕೆಳಗೆ ತಂದರೆ ತಮ್ಮ ಅವಕ್ಕೆ ರಟ್ಟು ಹಾಕುತ್ತಿದ್ದ. ಬೀದಿಯವರೆಲ್ಲ ಅವಳನ್ನು ಸೂಜಿ ಅಕ್ಕ ಎಂದೇ ಕರೆಯುತ್ತಿದ್ದರು. ಸೂಜಿಯ ಕಣ್ಣು ಕಾಣುತ್ತದೆ, ಆನೆಯಂಥ ಮೆಟ್ಟಿಲು ಕಾಣುವುದಿಲ್ಲ ಎಂದು ಅವಳೇ ತನ್ನನ್ನು ಹಾಸ್ಯ ಮಾಡಿಕೊಳ್ಳುತ್ತಿದ್ದಳು.

ಒಂದು ದಿನ ಅವಳು ಕೊನೆಯ ಮೆಟ್ಟಿಲಲ್ಲಿ ಮುಗ್ಗರಿಸಿದಳು. ಹೆಂಡತಿ ಹಿಡಿದುಕೊಂಡದ್ದರಿಂದ ಏನೂ ಆಗಲಿಲ್ಲ. ಆದರೆ ಬೈಂಡರ್ ಹೆದರಿಹೋದ. ಅಂದೇ ಒಂದು ಹೋಲ್ಡರು, ಒಂದಿಷ್ಟು ವೈರು, ನಲವತ್ತು ವ್ಯಾಟಿನ ಒಂದು ಬಲ್ಬು ತಂದ. ವೈರ್‌ಮನ್‌ನನ್ನು ಕರೆಸೋಣ ಎಂದು ಹೆಂಡತಿ ಹೇಳಿದಳು. ಎರಡು ವೈರು ಕೂಡಿಸುವುದಕ್ಕೆ ಅವನೇಕೆ ಎಂದು ಬೈಂಡರ್ ಅವಳ ಮಾತನ್ನು ತಳ್ಳಿಹಾಕಿದ. ಕೆಲಸದ ಕೋಣೆಯ ಹಿಂಭಾಗದಲ್ಲಿ ಮೊದಲೇ ನಲವತ್ತರದ್ದೇ ಒಂದು ಬಲ್ಬು ಇತ್ತು. ಸ್ವಿಚ್ಚಿನಿಂದ ಅದಕ್ಕೆ ಹೋಗುವ ವೈರನ್ನು ನಡುವೆ ಕತ್ತರಿಸಿ, ಆ ಎರಡು ತುದಿಗೆ ಮೆಟ್ಟಿಲಿನ ಹೋಲ್ಡರನ್ನು ಸೇರಿಸಿ, ಟೇಪು ಸುತ್ತಿದ. ಸ್ವಿಚ್ಚು ಒತ್ತಿದಾಗ ಎರಡೂ ಬಲ್ಬು ಹೊತ್ತಿಕೊಂಡವು.

ಹೊತ್ತಿಕೊಂಡವು, ನಿಜ. ಆದರೆ ಎರಡೂ ಮಂಕಾಗಿದ್ದವು. ಮೊದಲು ಚೆನ್ನಾಗಿ ಉರಿಯುತ್ತಿದ್ದ ಕೋಣೆಯ ಬಲ್ಬೂ ಕಾಯಿಲೆ ಬಿದ್ದವರ ಮುಖದ ಹಾಗೆ ಹಳದಿಗೆ ತಿರುಗಿತು. ಈ ಬೀದಿಯ ವೋಲ್ಟೇಜೇ ಹೀಗೆ ಎಂದು ಬೈಂಡರ್ ಸಮಾಧಾನ ಹೇಳಿದ.

ಕೆಲವು ದಿನ ಬಿಟ್ಟು ಅಕ್ಕ ಮೆಲ್ಲಗೆ, ಮೆಟ್ಟಿಲಿನ ಅಂಚು ಸರಿಯಾಗಿ ಕಾಣುತ್ತಿಲ್ಲ ಎಂದಳು. ತಮ್ಮ ಓಡಿಹೋಗಿ ನೂರು ವ್ಯಾಟಿನ ಬಲ್ಬು ತಂದು ಮೆಟ್ಟಿಲಿಗೆ ಹಾಕಿದ. ಆಗ ಆದದ್ದೇ ಬೇರೆ. ಮೆಟ್ಟಿಲಿನ ದೊಡ್ಡ ಬಲ್ಬು ಒಲೆಯಲ್ಲಿ ಆರುತ್ತಿರುವ ಕೆಂಡದಂತಾಯಿತು. ಕೆಲಸದ ಕೋಣೆಯ ಸಣ್ಣ ಬಲ್ಬು ಈ ಕೆಲವು ದಿನ ಇದ್ದುದಕ್ಕಿಂತ ಬೆಳ್ಳಗಾಯಿತು. ಅಂಗಡಿಯವನು ಕೆಟ್ಟ ಮಾಲು ಕೊಟ್ಟನೆಂದು ಬೈಂಡರ್ ಜಗಳವಾಡಿ ಬಲ್ಬು ಬದಲಾಯಿಸಿಕೊಂಡು ಬಂದ. ಅದೂ ಹಾಗೆಯೇ ಉರಿಯಿತು.

ಈಗಲಾದರೂ ಯಾರನ್ನಾದರೂ ಕೇಳಿ ಎಂದು ಹೆಂಡತಿ ಒತ್ತಾಯಿಸಿದಾಗ ಅಕ್ಕನೇ ಅಡ್ಡ ಬಂದಳು. "ಇರ್ಲಿ ಬಿಡಮ್ಮಾ. ನನಗೋಸ್ಕರ ಅಂತ ಅವನ ಕೈಯಾರೆ ಹಾಕಿದ್ದಾನೆ. ನಾನು ಮೆಟ್ಟಿಲು ಲೆಕ್ಕ ಹಾಕ್ಕೊಂಡು ಇಳೀತೀನಿ."

ಹೀಗೆ ನಾಲ್ಕು ತಿಂಗಳು ಕಳೆಯಿತು.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ಹೆಂಡತಿ ಹೊರಗೆ ಹೋಗಿದ್ದಳು. ಕೋಣೆಯ ಬಲ್ಬಿನ ಮೇಲೆ ಕಾಗದದ ಧೂಳು ಕೂತಿತ್ತು. ಒರೆಸೋಣವೆಂದು ಬೈಂಡರ್ ಸ್ಟೂಲು ಹತ್ತಿದ. ಸ್ವಿಚ್ಚು ಆರಿಸಬೇಕೆಂದು ಕೈ ಚಾಚಿದವನು ಹಿಂದೆಗೆದ. ಎರಡು ಬಲ್ಬಿಗೂ ಅದೊಂದೇ ಸ್ವಿಚ್ಚು. ಅಕ್ಕ ಮೇಲಿದ್ದಾಳೆ, ಯಾವಾಗ ಇಳಿದು ಬರುತ್ತಾಳೋ, ಅವಳಿಗೆ ಬೆಳಕಿರಲಿ ಎಂದುಕೊಂಡ. ಬಟ್ಟೆ ಸುತ್ತಿ ಬಲ್ಬನ್ನು ಹೋಲ್ಡರಿನಿಂದ ತಿರುಗಿಸಿ ತೆಗೆದ.

ಬಲ್ಬು ಅವನ ಕೈಯಲ್ಲಿರುವಾಗಲೇ ಮೆಟ್ಟಿಲಿನಿಂದ ಸದ್ದು ಕೇಳಿಸಿತು.

ಅವನು ಓಡಿಹೋದಾಗ ಅಲ್ಲಿ ಕತ್ತಲೆಯಿತ್ತು. ಅಕ್ಕ ಕೊನೆಯ ಮೆಟ್ಟಿಲಿನ ಕೆಳಗೆ ಬಿದ್ದಿದ್ದಳು. ಹೊಲಿದ ಕಟ್ಟುಗಳು ಅವಳ ಸುತ್ತ ಚೆಲ್ಲಿದ್ದವು.

ಆಸ್ಪತ್ರೆಯಲ್ಲಿ ಅವಳು ಆರು ದಿನ ಇದ್ದಳು. ಮೂರನೆಯ ದಿನ ಸ್ವಲ್ಪ ಮಾತಾಡಿದಳು. "ಲೈಟು ಆರಿಹೋಯ್ತು ಕಣೋ. ಅರ್ಧ ಇಳಿದಿದ್ದೆ."

"ಕರೆಂಟು ಹೋಗಿತ್ತಕ್ಕಾ," ಎಂದ ತಮ್ಮ. ಅವನು ಹಾಗೆಯೇ ನಂಬಿದ್ದ.

"ಇಲ್ಲವಲ್ಲೋ. ಮೇಲೆ ಫ್ಯಾನು ತಿರುಗ್ತಾ ಇತ್ತು, ಸದ್ದು ಕೇಳಿಸ್ತಾ ಇತ್ತು," ಎಂದು ಅಕ್ಕ ಕಣ್ಣು ಮುಚ್ಚಿದಳು. ಆಮೇಲೆ ಅವಳು ಹೆಚ್ಚು ಮಾತಾಡಲಿಲ್ಲ. ಆರನೆಯ ದಿನ ಹೋಗಿಬಿಟ್ಟಳು.

ಎರಡು ವಾರದ ನಂತರ ಹೆಂಡತಿ ತಾನೇ ಹೋಗಿ ವೈರ್‌ಮನ್‌ನನ್ನು ಕರೆತಂದಳು. ಐವತ್ತು ದಾಟಿದ, ಮಾತು ಕಡಿಮೆ ಆಡುವ ಮನುಷ್ಯ. ಅವನು ಮೆಟ್ಟಿಲು ನೋಡಿದ, ಕೋಣೆಯ ಬಲ್ಬು ನೋಡಿದ, ಟೇಪು ಸುತ್ತಿದ ಜಾಗ ಬಿಚ್ಚಿ ನೋಡಿದ. ಹೆಂಡತಿಗೆ ಅವನ ಮುಖ ನೋಡಿಯೇ ಏನೋ ಅರ್ಥವಾಯಿತು. ಪಕ್ಕಕ್ಕೆ ಕರೆದು, ಸರಿ ಮಾಡಿ ಹೋಗಿ, ಏನಾಗಿತ್ತು ಎಂದು ನಮ್ಮವರಿಗೆ ಹೇಳಬೇಡಿ ಎಂದು ಕೇಳಿಕೊಂಡಳು. ವೈರ್‌ಮನ್ ತಲೆಯಾಡಿಸಿದ.

ಆದರೆ ಬೈಂಡರ್ ಬಾಗಿಲಲ್ಲಿ ಬಂದು ನಿಂತ. ವೈರಿಂಗಿನಲ್ಲಿ ತಪ್ಪಿಲ್ಲ, ತಪ್ಪೆಲ್ಲ ವೋಲ್ಟೇಜಿನದು ಎಂದ. "ಎದುರುಮನೆ ಇಸ್ತ್ರಿ ಅಂಗಡಿಯವರಿಗೂ ನಾನೇ ಹಾಕಿಕೊಟ್ಟಿದ್ದೀನಿ. ಅವರ ಮೆಟ್ಟಿಲಲ್ಲೂ ಹೀಗೇ ಮಂಕು."

ವೈರ್‌ಮನ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಇಸ್ತ್ರಿ ಅಂಗಡಿಯವನ ಮಗಳು ತುಂಬು ಬಸುರಿ ಎಂದು ಬೀದಿಗೆಲ್ಲ ಗೊತ್ತಿತ್ತು. ಅವನು ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಹೇಳಬೇಡಿ ಎನ್ನಲು ಈಗ ಅವಳಿಂದಲೂ ಆಗಲಿಲ್ಲ.

"ಕೂತ್ಕೊಳ್ಳಿ. ತೋರಿಸ್ತೀನಿ," ಎಂದ ವೈರ್‌ಮನ್.

ಬಲ್ಬು ಪರೀಕ್ಷಿಸಲು ಚೀಲದಲ್ಲಿ ತಂದಿದ್ದ ಹಲಗೆಯನ್ನು ಅವನು ರಟ್ಟು ಕತ್ತರಿಸುವ ಮೇಜಿನ ಮೇಲೆ ಇಟ್ಟ. ಅದರಲ್ಲಿ ಎರಡು ಹೋಲ್ಡರುಗಳಿದ್ದವು. ಮೊದಲು ಒಂದು ನಲವತ್ತರ ಬಲ್ಬನ್ನು ಮಾತ್ರ ಹೊತ್ತಿಸಿದ. ಫಳ್ಳೆಂದು ಉರಿಯಿತು. ಆಮೇಲೆ ಅದೇ ದಾರಿಯಲ್ಲಿ ಒಂದರ ಹಿಂದೆ ಒಂದರಂತೆ ಇನ್ನೊಂದು ನಲವತ್ತರದ್ದನ್ನು ಸೇರಿಸಿದ. ಎರಡೂ ಮಂಕಾದವು.

ವೋಲ್ಟೇಜು ಅದೇ ಇದೆ, ನೋಡಿ, ಎಂದು ಅವನು ವಿವರಿಸಿದ. ಒಂದು ಬಲ್ಬು ಚೆನ್ನಾಗಿ ಉರಿಯಲು ಪೂರ್ತಿ ವೋಲ್ಟೇಜು ಬೇಕು. ಹೀಗೆ ಸಾಲಾಗಿ ಕೂಡಿಸಿದರೆ ಎರಡೂ ಅದನ್ನು ಹಂಚಿಕೊಳ್ಳುತ್ತವೆ. ಒಬ್ಬರ ಊಟವನ್ನು ಇಬ್ಬರು ಉಂಡ ಹಾಗೆ, ಯಾರ ಹೊಟ್ಟೆಯೂ ತುಂಬುವುದಿಲ್ಲ. ಇದಕ್ಕೆ ಸೀರೀಸ್ ಅನ್ನುತ್ತಾರೆ.

"ಹಾಗಾದ್ರೆ ನೂರು ವ್ಯಾಟ್ ಹಾಕಿದ್ನಲ್ಲ. ಅದು ಜಾಸ್ತಿ ಉರೀಬೇಕಿತ್ತು ತಾನೆ?" ಬೈಂಡರ್ ಇನ್ನೂ ಒಪ್ಪಿರಲಿಲ್ಲ.

ವೈರ್‌ಮನ್ ಒಂದು ಬಲ್ಬು ತೆಗೆದು ಆ ಜಾಗಕ್ಕೆ ನೂರರದ್ದನ್ನು ಹಾಕಿದ. ಅದು ಕೆಂಪಗಾಯಿತು. ಪಕ್ಕದ ಸಣ್ಣದು ಬೆಳ್ಳಗಾಯಿತು. "ಸಣ್ಣ ಬಲ್ಬು ಕರೆಂಟನ್ನ ಜಾಸ್ತಿ ತಡೆಯತ್ತೆ. ಸೀರೀಸಲ್ಲಿ ಯಾವುದು ಜಾಸ್ತಿ ತಡೆಯತ್ತೋ ಅದಕ್ಕೇ ವೋಲ್ಟೇಜಿನ ದೊಡ್ಡ ಪಾಲು. ದೊಡ್ಡ ಬಲ್ಬು ಸಲೀಸಾಗಿ ಬಿಟ್ಟುಬಿಡತ್ತೆ, ಅದಕ್ಕೆ ಸಿಗೋದು ಚೂರು. ನೀವು ಬೆಳಕು ಹೆಚ್ಚಲಿ ಅಂತ ಹಾಕಿದ್ರಿ, ಮೆಟ್ಟಿಲಿಗೆ ಇದ್ದ ಬೆಳಕೂ ಕಡಿಮೆ ಆಯ್ತು."

ವೈರ್‌ಮನ್ ಸ್ವಲ್ಪ ತಡೆದ. ಮುಂದಿನದನ್ನು ತೋರಿಸಲೋ ಬೇಡವೋ ಎಂದು ಅವನಿಗೂ ಸಂಕಟವಾಗಿರಬೇಕು. ಕೊನೆಗೆ ಬಟ್ಟೆ ಸುತ್ತಿ ಸಣ್ಣ ಬಲ್ಬನ್ನು ಹೋಲ್ಡರಿನಿಂದ ತೆಗೆದ. ಮುಟ್ಟದೆ ಇದ್ದ ದೊಡ್ಡ ಬಲ್ಬೂ ಆರಿತು.

"ದಾರಿ ಒಂದೇ ಅಲ್ವಾ. ಒಂದು ಕಡೆ ಕಡಿದ್ರೆ ಇನ್ನೊಂದಕ್ಕೂ ಕರೆಂಟಿಲ್ಲ."

ಬೈಂಡರ್ ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದ. ಈವರೆಗೆ ಯಾರಿಗೂ ಹೇಳದೆ ಇದ್ದುದನ್ನು, ಹೇಳಬೇಕಾದ ವಿಷಯವೆಂದೇ ಅವನಿಗೆ ತೋಚದೆ ಇದ್ದುದನ್ನು, ಆಗ ಹೇಳಿದ.

"ಆವತ್ತು ನಾನು ಆ ಬಲ್ಬು ಬಿಚ್ಚಿದ್ದೆ. ಅವಳಿಗೆ ಬೆಳಕಿರಲಿ ಅಂತ ಸ್ವಿಚ್ಚು ಆರಿಸಿರಲಿಲ್ಲ."

ಹೆಂಡತಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು. ಗೊತ್ತಿಲ್ಲದೆ ಆದದ್ದು ಎಂದು ವೈರ್‌ಮನ್ ಹೇಳಿದ. ಆ ಮಾತು ನಿಜವೇ. ಆದರೂ ಆ ಮಾತಿನಿಂದ ಅವನ ದುಃಖ ಕಡಿಮೆಯಾಗಲಿಲ್ಲ.

ಆಮೇಲೆ ವೈರ್‌ಮನ್ ಹಲಗೆಯ ವೈರುಗಳನ್ನು ಬೇರೆ ರೀತಿಯಲ್ಲಿ ಕೂಡಿಸಿದ. ಈ ಸಲ ಒಂದೊಂದು ಬಲ್ಬಿಗೂ ಲೈನಿನಿಂದ ಅದರದೇ ದಾರಿ, ಅದರದೇ ಎರಡು ವೈರು. ಎರಡೂ ಪೂರ್ತಿ ಉರಿದವು. ನೂರರದ್ದು ನೂರರ ಹಾಗೆ, ನಲವತ್ತರದ್ದು ನಲವತ್ತರ ಹಾಗೆ. ಒಂದನ್ನು ತೆಗೆದ, ಇನ್ನೊಂದು ಒಂದಿಷ್ಟೂ ಅಲುಗದೆ ಉರಿಯುತ್ತಲೇ ಇತ್ತು. ಇದಕ್ಕೆ ಪ್ಯಾರಲಲ್ ಅನ್ನುತ್ತಾರೆ, ಮನೆಯ ಬಲ್ಬುಗಳೆಲ್ಲ ಹೀಗೆಯೇ ಇರಬೇಕು ಎಂದ.

ಸಂಜೆಯೊಳಗೆ ಮೆಟ್ಟಿಲಿನ ಬಲ್ಬಿಗೆ ಬೇರೆ ಲೈನು, ಬೇರೆ ಸ್ವಿಚ್ಚು ಆಯಿತು. ಹೆಂಡತಿ ಸ್ವಿಚ್ಚು ಒತ್ತಿದಳು. ಹದಿಮೂರು ಮೆಟ್ಟಿಲುಗಳ ಅಂಚೂ ಮೊದಲ ಬಾರಿಗೆ ಗೆರೆ ಎಳೆದಂತೆ ಕಂಡಿತು. ಎಡಗಡೆಯ ಗೋಡೆಯ ಮೇಲೆ ಉದ್ದಕ್ಕೂ ಒಂದು ಮಾಸಿದ ಪಟ್ಟೆಯೂ ಕಂಡಿತು. ಕತ್ತಲಲ್ಲಿ ಇಳಿಯುವಾಗ ಅಕ್ಕ ಅಂಗೈ ಒತ್ತಿ ಒತ್ತಿ ನುಣುಪಾದ ಗುರುತು ಅದು. ಬೈಂಡರ್ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ.

ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು, ವೈರ್‌ಮನ್‌ನನ್ನು ಕರೆದುಕೊಂಡು ಎದುರುಮನೆಗೆ ಹೋದ. ಇಸ್ತ್ರಿ ಅಂಗಡಿಯವನು ಮೊದಲು ಒಪ್ಪಲಿಲ್ಲ. ಎರಡೂ ಉರಿಯುತ್ತಿವೆಯಲ್ಲ, ಸುಮ್ಮನೆ ಗೋಡೆ ಏಕೆ ಕೆಡಿಸುತ್ತೀರಿ ಎಂದ. ಬೈಂಡರ್ ವಾದ ಮಾಡಲಿಲ್ಲ.

"ಇದನ್ನ ಹಾಕಿಕೊಟ್ಟವನು ನಾನೇ, ಅಣ್ಣಾ. ಇಂಥದ್ದರಿಂದಲೇ ನಮ್ಮಕ್ಕ ಹೋದಳು. ನಿಮ್ಮ ಮಗಳು ಈ ಮೆಟ್ಟಿಲು ಇಳೀಬಾರದು."

ಇಸ್ತ್ರಿ ಅಂಗಡಿಯವನು ಅವನ ಮುಖ ನೋಡಿ ಪಕ್ಕಕ್ಕೆ ಸರಿದ. ಕೆಲಸ ಮುಗಿಯುವ ತನಕ ಮಗಳನ್ನು ಮೇಲೆಯೇ ಕೂರಿಸಿದರು.

ಅಮ್ಮಂದಿರೇ, ಅಣ್ಣಂದಿರೇ, ಇದನ್ನು ಓದಿದ ಮೇಲೆ ನಿಮ್ಮ ಮನೆಯಲ್ಲೊಮ್ಮೆ ಕಣ್ಣಾಡಿಸಿ. ಹೊಸ ಬಲ್ಬು ಹಾಕಿಸಿದ ಮೇಲೆ ಹಳೆಯದು ಮಂಕಾಯಿತೆ? ದೊಡ್ಡ ಬಲ್ಬು ಹಾಕಿದರೂ ಬೆಳಕು ಏರಲಿಲ್ಲವೆ? ಒಂದು ಬಲ್ಬು ಸುಟ್ಟುಹೋದಾಗ ಅದರ ಜೊತೆಗೆ ಇನ್ನೊಂದೂ ಆರುತ್ತದೆಯೆ? ಹಾಗಿದ್ದರೆ ವೋಲ್ಟೇಜನ್ನು ಬೈಯುತ್ತ ಕೂರಬೇಡಿ. ನೀವಾಗಿಯೇ ವೈರಿಗೆ ಕೈ ಹಾಕಬೇಡಿ. ಕೆಲಸ ಬಲ್ಲ ವೈರ್‌ಮನ್‌ನನ್ನು ಕರೆಸಿ, ಎಲ್ಲ ಬಲ್ಬುಗಳೂ ಪ್ಯಾರಲಲ್‌ನಲ್ಲಿವೆಯೇ ಎಂದು ಕೇಳಿ, ಅವನು ನೋಡಿ ಹೇಳುವ ತನಕ ಬಿಡಬೇಡಿ. ಮೊದಲು ಮೆಟ್ಟಿಲು ತೋರಿಸಿ. ನಿಮ್ಮ ಮನೆಯವರು ದಿನಾ ಕಾಲಿಡುವ ಜಾಗ ಅದು. ಇವತ್ತೇ ಕರೆಸಿ.