ಅಳತೆಗೆ ನಿಂತವಳು

ಕಲ್ಲಿನ ಚಿತ್ರ ತೆಗೆಯುವವರಲ್ಲಿ ಒಂದು ಕಟ್ಟಳೆ ಇದೆ. ಬರೀ ಬಂಡೆಯನ್ನು ತೆಗೆದರೆ ಅದು ಬೆಟ್ಟವೋ, ಅಂಗೈಲಿ ಹಿಡಿಯುವ ಚೂರೋ ನೋಡಿದವರಿಗೆ ತಿಳಿಯುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಏನಾದರೊಂದನ್ನು ಇಡುತ್ತಾರೆ: ನಾಣ್ಯ, ಪೆನ್ನು, ಸುತ್ತಿಗೆ. ಬಂಡೆ ತೀರಾ ದೊಡ್ಡದಾದರೆ ಮನುಷ್ಯರನ್ನೇ ನಿಲ್ಲಿಸುತ್ತಾರೆ. ಹಾಗೆ ನಿಂತವರು ಕ್ಯಾಮೆರಾ ನೋಡಬಾರದು, ಬೆನ್ನು ಹಾಕಿ ನಿಲ್ಲಬೇಕು. ಮುಖ ಕಂಡರೆ ನೋಡುವವರ ಕಣ್ಣು ಕಲ್ಲನ್ನು ಬಿಟ್ಟು ಮುಖಕ್ಕೇ ಹೋಗುತ್ತದಲ್ಲ.

ಅಕ್ಕ ಮದುವೆಯಾದ ಲಾಗಾಯ್ತಿನಿಂದ ಭಾವನ ಚಿತ್ರಗಳಲ್ಲಿ ಹೀಗೆ ಅಳತೆಗೆ ನಿಂತಿದ್ದಳು. ತವರಿಗೆ ಬಂದಾಗೆಲ್ಲ ತಂಗಿಯ ಹತ್ತಿರ, "ಸುತ್ತಿಗೆಗೆ ಸವತಿಯಾಗಿ ಹೋದೆ ಕಣೇ. ಅದನ್ನ ಮರೆತು ಬಂದ ದಿನ ಮಾತ್ರ ಇವರಿಗೆ ನನ್ನ ನೆನಪಾಗುತ್ತೆ," ಅನ್ನುತ್ತಿದ್ದಳು.

"ಸುತ್ತಿಗೆ ಎದುರು ಮಾತಾಡಲ್ಲ," ಅಂತ ಭಾವ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಆ ಅಕ್ಕ ಕಳೆದ ಚಳಿಗಾಲದಲ್ಲಿ ಸಣ್ಣ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ.

ತಂಗಿಗೆ ಪುಸ್ತಕ ಅಚ್ಚು ಹಾಕುವ ಕಡೆ ಕೆಲಸ. ಅಚ್ಚಿಗೆ ಹೋಗುವ ಮುಂಚೆ ಚಿತ್ರಗಳನ್ನು ಚೊಕ್ಕಟ ಮಾಡುವುದು: ದೂಳಿನ ಚುಕ್ಕೆ, ಅಡ್ಡ ಬಂದ ತಂತಿ, ಕರೆಯದೆ ಬಂದು ಚಿತ್ರದೊಳಗೆ ನಿಂತ ದಾರಿಹೋಕ, ಎಲ್ಲವನ್ನೂ ತೆಗೆಯಬೇಕು. ಯಾರ ಜೊತೆಗೂ ಹೆಚ್ಚು ಮಾತಾಡಬೇಕಾಗಿಲ್ಲ ಅನ್ನುವ ಕಾರಣಕ್ಕೇ ಅವಳಿಗೆ ಈ ಕೆಲಸ ಒಗ್ಗಿತ್ತು. ಬಾಯಿ ಬಿಡದವಳೆಂದು ಅಕ್ಕ ಅವಳನ್ನು "ಮುಚ್ಚಳ" ಅಂತಲೇ ಕರೆಯುತ್ತಿದ್ದಳು.

ಒಂದು ಬೆಳಿಗ್ಗೆ ಭಾವ ಅಲ್ಲಿಗೇ ಬಂದರು. ಅವರ ಕಲ್ಲುಗಳ ಚಿತ್ರಪುಸ್ತಕ ಅಚ್ಚಾಗುವುದಿತ್ತು. ಶರ್ಟಿನ ಗುಂಡಿ ಒಂದು ಮನೆ ತಪ್ಪಿ ಕೂತಿತ್ತು. ಚಿತ್ರಗಳ ಹಾರ್ಡ್‌ಡಿಸ್ಕ್ ಡಬ್ಬಿಯನ್ನು ಅವಳ ಮೇಜಿನ ಮೇಲಿಟ್ಟು ಹೇಳಿದರು:

"ಎಲ್ಲಾ ಚಿತ್ರದಲ್ಲೂ ಅವಳನ್ನ ತೆಗೆದುಬಿಡು."

"ಅಳತೆ, ಭಾವ?"

"ಮೂಲೇಲಿ ಒಂದು ಗೆರೆ ಎಳೆದು ಇಷ್ಟು ಮೀಟರ್ ಅಂತ ಹಾಕು. ಈಗೆಲ್ಲ ಹಾಗೇ ಮಾಡೋದು."

"ಆಗಲಿ," ಅಂದಳು ಮುಚ್ಚಳ. ಒಳಗೆ ಮಾತ್ರ ಕುದಿಯುತ್ತಿತ್ತು.

ಸಂಜೆ ಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅಮ್ಮ ಕೇಳಿಸಿಕೊಂಡು ಕೈಲಿದ್ದ ಟವೆಲನ್ನು ಮಂಚಕ್ಕೆ ಒಗೆದರು. "ಬದುಕಿದ್ದಾಗ ಬೆನ್ನು ಹಾಕಿ ನಿಲ್ಲು ಅಂದ. ಈಗ ಆ ಬೆನ್ನೂ ಕಣ್ಣಿಗೆ ಚುಚ್ಚುತ್ತಂತಾ ಅವನಿಗೆ? ನೀನು ಮುಟ್ಟಕೂಡದು ಆ ಕೆಲಸಾನ."

"ನಾನು ಮಾಡದಿದ್ರೆ ಗುಡುಗಪ್ಪನ ಪಾಲಿಗೆ ಹೋಗುತ್ತಮ್ಮ."

ಗುಡುಗಪ್ಪ ಪಕ್ಕದ ಮೇಜಿನವನು. ಗಟ್ಟಿ ಗಂಟಲು, ಒರಟು ಕೈ. ಹಲಗೆ ಒರೆಸಿದ ಹಾಗೆ ಮನುಷ್ಯರನ್ನು ಒರೆಸುತ್ತಾನೆ. ಅಮ್ಮ ಟವೆಲನ್ನು ಮತ್ತೆ ಕೈಗೆತ್ತಿಕೊಂಡರು. ಮಡಿಸುತ್ತಾ, "ಒಂದರಲ್ಲಾದರೂ ಉಳಿಸಿಕೋ ಅಂತ ಕೇಳೇ. ಪುಸ್ತಕ ಇರೋ ತನಕ ಇರ್ತಾಳೆ," ಅಂದರು.

ಮರುದಿನ ಅವಳು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದಳು. ತೆರೆದವಳು ಕೋಪವನ್ನೇ ಮರೆತು ಕೂತಳು. ಕೆಂಪು, ಕಾವಿ, ಬೂದಿ ಪದರಗಳ ಕಣಿವೆಗೋಡೆ. ಯಾರೋ ಸೀರೆಗಳನ್ನು ಮಡಿಸಿ ಒಂದರ ಮೇಲೊಂದು ಜೋಡಿಸಿ, ಆಮೇಲೆ ಉಡುವುದನ್ನೇ ಮರೆತಂತೆ. ಬಿಸಿಲಿಗೆ ಬಿರಿದ ಉಪ್ಪಿನ ಬಯಲು. ಆರು ಮೂಲೆಯ ಕರಿಕಂಬಗಳಾಗಿ ಹೆಪ್ಪುಗಟ್ಟಿದ ಲಾವಾ. ಒಂದೊಂದರಲ್ಲೂ ಹಳದಿ ಕೋಟು ತೊಟ್ಟ, ಅಕ್ಕಿಕಾಳಿನಷ್ಟು ಅಕ್ಕ. ಹರಳುಗಳದೇ ಇನ್ನೊಂದು ಲೋಕ. ನವಿಲಿನ ಕತ್ತಿನ ಹಸಿರು, ಗಂಧಕದ ಉರಿಹಳದಿ, ಒಡೆದ ಕಲ್ಲಿನ ಹೊಟ್ಟೆಯಲ್ಲಿ ಮಿನುಗುವ ನೇರಳೆ ಹಲ್ಲುಗಳು. ಅವುಗಳ ಪಕ್ಕದಲ್ಲಿ ಅಳತೆಗೆ ಅಕ್ಕನ ಹೆಬ್ಬೆರಳು, ಚಾಕು ತಾಗಿದ ಹಳೇ ಗೀರಿನ ಸಮೇತ.

ಅಳಿಸುವುದೆಂದರೆ, ಪಕ್ಕದ ಕಲ್ಲನ್ನೇ ಚೂರುಚೂರಾಗಿ ತಂದು ಮನುಷ್ಯರ ಮೇಲೆ ಹೊದಿಸುವುದು. ಅದಕ್ಕೆ ಚಿತ್ರವನ್ನು ಬಹಳ ಹಿಗ್ಗಿಸಬೇಕು. ಹೆಬ್ಬೆರಳಿನ ಚಿತ್ರವನ್ನು ಹಿಗ್ಗಿಸಿದಾಗ ಅವಳಿಗೆ ಏನೋ ಎಡವಟ್ಟು ಕಂಡಿತು. ಉಗುರಿನ ಗೆರೆಗೆರೆಯೂ ಕೂದಲೆಳೆಯ ಹಾಗೆ ನಿಚ್ಚಳ. ಹರಳಿನ ಅಂಚು ಮಾತ್ರ ಕೊಂಚ ಮಸುಕು. ಕೈ ಅಲುಗಿರಬೇಕು ಅಂದುಕೊಂಡಳು. ಇನ್ನೊಂದನ್ನು ತೆರೆದರೆ ಅದೂ ಹಾಗೇ. ಕರಿಕಂಬಗಳ ಚಿತ್ರದಲ್ಲಿ ಅಕ್ಕ ಬಂಡೆಗಿಂತ ಒಂದಿಷ್ಟು ಈಚೆಗೆ ನಿಂತಿದ್ದಳು. ಅವಳ ಜಡೆಯ ತುದಿಯ ಎಳೆಗಳನ್ನು ಎಣಿಸಬಹುದಿತ್ತು. ಹಿಂದಿನ ಕಂಬಗಳು ಕನ್ನಡಕ ತೆಗೆದು ನೋಡಿದಂತೆ. ಚಿಕ್ಕದಾಗಿ ನೋಡಿದರೆ ಯಾರಿಗೂ ಗೊತ್ತಾಗದ ತಪ್ಪು. ಇಷ್ಟು ವರ್ಷ ಕಲ್ಲನ್ನೇ ಉಸಿರಾಡಿದ ಮನುಷ್ಯ ಒಂದು ಸಲವೂ ಕ್ಯಾಮೆರಾವನ್ನು ಕಲ್ಲಿನ ಮೇಲೆ ನೆಟ್ಟಿರಲಿಲ್ಲ.

ಅವಳು ಫೋನು ಮಾಡಿ, ಬನ್ನಿ ಅಂದಳು. ಭಾವ ಬಂದು ಸ್ಟೂಲಿನ ಮೇಲೆ ಕೂತರು.

"ಫೋಕಸ್ ತಪ್ಪಿದೆ ಭಾವ. ಎಲ್ಲದರಲ್ಲೂ."

"ಗೊತ್ತು."

"ಯಾವಾಗಿಂದ?"

"ಅವಳು ಹೋದ ಮೇಲೆ. ಪುಸ್ತಕಕ್ಕೆ ಅಂತ ದೊಡ್ಡದು ಮಾಡಿ ನೋಡಿದಾಗ." ಅವರು ತೆರೆಯ ಕಡೆ ನೋಡದೆ ಕನ್ನಡಕ ಒರೆಸತೊಡಗಿದರು. "ಅಷ್ಟು ಹೊತ್ತು ಕ್ಯಾಮೆರಾದೊಳಗೆ ಏನು ನೋಡ್ತೀರಿ ಅಂತ ಒಂದು ಸಲ ಕೇಳಿದ್ದಳು. ಕಲ್ಲು ಅಂದೆ. ಸುಳ್ಳು ಹೇಳಲಿಲ್ಲ ಕಣಮ್ಮ. ನಾನೂ ಹಾಗೇ ಅಂದುಕೊಂಡಿದ್ದೆ."

ಪಕ್ಕದಲ್ಲಿ ಗುಡುಗಪ್ಪ ಯಾರಿಗೋ ಫೋನಿನಲ್ಲಿ ಜೋರಾಗಿ ಬೈಯುತ್ತಿದ್ದ. ಆ ಸದ್ದಿನ ಮರೆಯಲ್ಲಿ ಅವಳಿಗೆ ಧೈರ್ಯ ಬಂತು.

"ಹಾಗಿದ್ರೆ ಇರಲಿ ಬಿಡಿ ಭಾವ. ಒಂದರಲ್ಲಾದರೂ. ಅಮ್ಮನೂ ಅದನ್ನೇ ಕೇಳ್ತಿದ್ದಾರೆ."

"ನೋಡೋರಿಗೆ ಅವಳು ಯಾರು? ಅಳತೆಕೋಲು. ಇವಳು ಇಷ್ಟಿದ್ರೆ ಬಂಡೆ ಎಷ್ಟಿದ್ದೀತು ಅಂತ ಲೆಕ್ಕ ಹಾಕಿ ಪುಟ ತಿರುಗಿಸ್ತಾರೆ. ನಾನು ಮಾಡಿಸಿದ್ದೂ ಅದನ್ನೇ." ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು. "ಬಿಸಿಲು ಸರಿಯಾಗಿ ಬೀಳೋ ತನಕ ನಿಲ್ಲಿಸ್ತಿದ್ದೆ. ಅಲುಗಾಡಬೇಡ ಅಂತ ಗದರ್ತಿದ್ದೆ. ಇನ್ನೂ ನಿಂತೇ ಇದ್ದಾಳೆ ನೋಡು. ಸಾಕು, ಅವಳನ್ನ ಕಳಿಸಿಬಿಡು. ಕಾಲು ನೋಯ್ತಿರುತ್ತೆ."

ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

ಕಣಿವೆಗೋಡೆಯ ಚಿತ್ರದಿಂದ ಶುರುಮಾಡಿದಳು. ಪಾದದಿಂದ ಮೇಲಕ್ಕೆ, ಕಾವಿಯಿದ್ದಲ್ಲಿ ಕಾವಿ, ಬೂದಿಯಿದ್ದಲ್ಲಿ ಬೂದಿ, ಪದರದ ಗೆರೆ ಎಲ್ಲೂ ಮುರಿಯದ ಹಾಗೆ. ಇವಳು ಎಳೆಯವಳಾಗಿದ್ದಾಗ ಅಕ್ಕ ತಲೆಯ ಸಿಕ್ಕು ಬಿಡಿಸುತ್ತಿದ್ದಳಲ್ಲ, ನೋವಾಗದ ಹಾಗೆ ಬುಡ ಹಿಡಿದುಕೊಂಡು, ಅಷ್ಟೇ ಮೆತ್ತಗೆ. ಹಳದಿ ಕೋಟಿನ ತೋಳು ಹೋಯಿತು. ಜಡೆ ಹೋಯಿತು. ಕತ್ತಿನ ಹಿಂಭಾಗ ಮಾತ್ರ ಉಳಿದಾಗ ಕಣ್ಣು ಮಂಜಾಗಿ ಕೈ ನಿಂತಿತು. ಭಾವ ಗೋಡೆಯ ಕಡೆ ತಿರುಗಿ ಕೂತಿದ್ದರು. ಮೂಗೊರೆಸಿಕೊಂಡು ಅದನ್ನೂ ಮುಗಿಸಿದಳು.

"ಆಯ್ತು ಭಾವ."

ಅವರು ತಿರುಗಿದರು. ಪದರದ ಮೇಲೆ ಪದರ, ಈ ಕಡೆಯಿಂದ ಆ ಕಡೆಗೆ ಒಂದೇ ಹರಿವು. ಈಗ ಅದು ಕಣಿವೆಯೂ ಆಗಬಹುದಿತ್ತು, ಕಿಸೆಯಲ್ಲಿ ಹಾಕಿಕೊಂಡು ಬಂದ ಕಲ್ಲೂ ಆಗಬಹುದಿತ್ತು. ಅವರು ತೆರೆಯ ಹತ್ತಿರಕ್ಕೆ ಬಾಗಿದರು. ಬಹಳ ಹೊತ್ತು ಹುಡುಕಿದರು.

"ಎಲ್ಲಿ ನಿಂತಿದ್ದಳು?"

ಅವಳು ತೋರಿಸಲು ಬೆರಳೆತ್ತಿದಳು. ಬೆರಳು ಗಾಳಿಯಲ್ಲೇ ಉಳಿಯಿತು. ಎಲ್ಲೂ ಹೊಲಿಗೆ ಕಾಣುತ್ತಿರಲಿಲ್ಲ. ಮೂಲ ಚಿತ್ರ ಡಬ್ಬಿಯಲ್ಲಿ ಇದ್ದೇ ಇತ್ತು, ತೆರೆದರೆ ಅಕ್ಕ ಅಲ್ಲೇ ನಿಂತಿರುತ್ತಿದ್ದಳು. ಆದರೆ ಈಗಷ್ಟೇ ಕಳಿಸಿಕೊಟ್ಟವಳನ್ನು ಮತ್ತೆ ಕರೆದು ನಿಲ್ಲಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಭಾವ ಕೊನೆಗೆ ಒಂದು ಕೆಂಪು ಪದರದ ಕೆಳಗೆ ಬೆರಳಿಟ್ಟರು. "ಇಲ್ಲಿ ಅಲ್ವಾ?"

"ಹೌದು ಭಾವ," ಅಂದಳು ಅವಳು, ಎಲ್ಲೆಂದು ಗೊತ್ತಿಲ್ಲದಿದ್ದರೂ. "ಅಲ್ಲೇ."